ಅಲ್ಪವಿರಾಮಕ್ಕೆ ಮುಂಚಿನ ಜಾಗ

ರಾತ್ರಿ ಎರಡೂಕಾಲು. ಕೌನಸ್‌ನಲ್ಲಿ ಹಿಮ
ಬೀಳಲೋ ಬೇಡವೋ ಎಂದು ಬೀದಿದೀಪದ ಸುತ್ತ ತಡವರಿಸುತ್ತಿದೆ.
ಮತ್ತೆ ಅದೇ ಅಂಕಿಗಳ ಸಾಲು ನನ್ನ ಪರದೆಯ ಮೇಲೆ:
ಬುಖಾರೆಸ್ಟಿನ ಯಾವುದೋ ನೆಲಮಾಳಿಗೆಯ ಯಂತ್ರದ ವಿಳಾಸ.
ನೀನು ಅಲ್ಲಿಲ್ಲ. ಅಷ್ಟು ಮಾತ್ರ ಗೊತ್ತು.
ಮೂರು ಮುಸುಕು ಹಾಯ್ದು ಬಂದಿದ್ದೀಯ,
ಮೂರನೆಯದಕ್ಕೆ ಮೊದಲನೆಯದರ ಗುರುತಿಲ್ಲ.

ಮಂಗಳವಾರ ಇದೇ ವಿಳಾಸದಿಂದ ಒಬ್ಬ ಬಂದಿದ್ದ.
ನಮ್ಮ ವಿಶ್ವಕೋಶದಲ್ಲಿ, ಕೆರೆಯ ಮಂಜು ಬಿರಿದು
ಮುಳುಗಿಹೋದ ಸ್ಕೇಟಿಂಗ್ ಹುಡುಗಿಯ ಪುಟದಲ್ಲಿ
ಆಡಬಾರದ್ದನ್ನು ಬರೆದು ಹೋದ.
ನಾಲ್ಕು ನಿಮಿಷದಲ್ಲಿ ಅಳಿಸಿದೆ. ಆಮೇಲೆ ತಾಯಿಯ ಪತ್ರ:
"ಮೂರನೆಯ ನಿಮಿಷದಲ್ಲಿ ನಾನು ಓದಿದೆ."
ಅಷ್ಟೇ. ಕೆಳಗೆ ಸಹಿ, ಪೂರ್ತಿ ಹೆಸರು.

ಗುರುವಾರ ನೀನು.
(ನೀನು ಅವನಲ್ಲ ಎಂದು ಆಣೆ ಹಾಕಲಾರೆ.)
ಒಂದು ಗೊಬ್ಬರದ ಕಾರ್ಖಾನೆ, ದೂರದ ಒಂದು ಊರು.
'ಸತ್ತವರು ಮೂವರು' ಎಂಬಲ್ಲಿ ಮೂವರನ್ನು ಹೊಡೆದು
ಹದಿನೇಳು ಎಂದೆ. ಹದಿನೇಳು ಹೆಸರು , ವಯಸ್ಸು , ಹೂತ ಸಾಲು ,
ಪ್ರತಿ ಅಲ್ಪವಿರಾಮಕ್ಕೆ ಮುಂಚೆ ಒಂದು ಖಾಲಿ ಜಾಗ ,
ಹೀಗೆ , ಉಸಿರು ಹಿಡಿದಂತೆ.

"ಒಂದೇ ಬಾಗಿಲು, ಮುಚ್ಚಿಬಿಡು" ಎನ್ನುತ್ತಾನೆ ಗಿಂತೌತಸ್.
"ಮುಖ ತೋರದವನ ಮಾತಿಗೆ ಜಾಮೀನು ಯಾರು?
ನಾವು ಎಷ್ಟು ಜನ? ಒಂಬತ್ತು. ರಾತ್ರಿಗೆ ನೀನೊಬ್ಬಳು."
ಅವನು ಕೆಟ್ಟವನಲ್ಲ. ಲೆಕ್ಕವೂ ತಪ್ಪಲ್ಲ.
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ, ಎಂದೆ.
"ನೆಗಡಿಯೋ ಅಲ್ಲವೋ ಆ ತಾಯಿಯನ್ನು ಕೇಳು, ಝಿವಿಲೆ."
ನನ್ನ ಗಾದೆ ಬಾಯಲ್ಲೇ ಉಳಿಯಿತು.

"ಖಾತೆ ತೆರೆಯಲಿ, ಅರ್ಜಿ ಹಾಕಲಿ, ವಿನಾಯಿತಿ ಕೊಡೋಣ."
ಅರ್ಜಿಗೆ ಇ-ಮೇಲು, ಇ-ಮೇಲಿಗೆ ಫೋನು, ಫೋನಿಗೆ ಗುರುತಿನ ಚೀಟಿ;
ಆ ಚೀಟಿಯ ನಕಲು ಯಾರ ಮೇಜಿನ ಮೇಲಿದೆಯೋ
ಮೂವರು ಎಂದು ಬರೆಸಿದವನೂ ಅವನೇ.

ಮುತ್ತಜ್ಜ ಮೊತೆಯುಸ್ ಪುಸ್ತಕ ಹೊರುತ್ತಿದ್ದ,
ನಮ್ಮ ಲಿಪಿಗೇ ತ್ಸಾರ್ ದೊರೆಯ ನಿಷೇಧವಿದ್ದ ಕಾಲ.
ಗಡಿಯಾಚೆ ಅಚ್ಚಾದ ಪ್ರಾರ್ಥನೆ, ಪಂಚಾಂಗ, ಅಕ್ಷರಮಾಲೆ
ಬೆನ್ನಿಗೆ ಬಿಗಿದು ಇರುಳಲ್ಲಿ ಜೌಗು ದಾಟುತ್ತಿದ್ದ.
ಅದೇ ಕಾಲುದಾರಿಯಲ್ಲಿ ಕುದುರೆ ಕಳ್ಳರೂ ಓಡಾಡುತ್ತಿದ್ದರು.
ಒಂದು ರಾತ್ರಿ ಅವನದೇ ಕಂದು ಹೆಣ್ಣುಕುದುರೆ ಆ ದಾರಿ ಹಿಡಿಯಿತು.
ಈ ದಾರಿಗೆ ಬೆಂಕಿ ಬೀಳಲಿ ಎಂದನಂತೆ, ಉಣ್ಣದೆ ಮಲಗಿದನಂತೆ.
ಮುಂದಿನ ವಾರ ಮತ್ತೆ ಅದೇ ದಾರಿ, ಬೆನ್ನಿಗೆ ಚೀಲ.
ಕುದುರೆ ಬರಲೇ ಇಲ್ಲ. ಈ ಕತೆ ಹೇಳುವಾಗ ಅಜ್ಜಿ
ಪುಸ್ತಕಗಳಿಗಿಂತ ಕುದುರೆಯನ್ನೇ ಹೆಚ್ಚು ನೆನೆಯುತ್ತಿದ್ದಳು.

ಹಗಲಲ್ಲಿ ನಾನು ಕಟ್ಟುಹಲ್ಲು ಮಾಡುತ್ತೇನೆ.
ವೈದ್ಯರು ಅಚ್ಚು ಕಳಿಸುತ್ತಾರೆ, ಮೇಲೊಂದು ಸಂಖ್ಯೆ.
ಆ ಬಾಯಿ ನಕ್ಕಿದ್ದನ್ನು ಕಂಡಿಲ್ಲ.
ಯಾವ ದವಡೆಯಲ್ಲಿ ಅಗಿಯುತ್ತದೆ,
ನಿದ್ದೆಯಲ್ಲಿ ಕಟಕಟ ಕಡಿಯುತ್ತದೆಯೇ,
ಸವೆತ ನೋಡಿ ಹೇಳಬಲ್ಲೆ.

ಬಾಗಿಲು ತೆಗೆದೆನೇ? ಇಲ್ಲ.
ಹುಡುಗಿಯ ಪುಟಕ್ಕೆ ಬೀಗ ಹಾಕಿದೆ, ಕೀಲಿ ಯಾರಿಗೂ ಕೊಡೆನು.
ಉಳಿದೆಡೆ ಹೊಸ್ತಿಲಲ್ಲಿ ಒಂದು ಬೆಂಚು ಹಾಕಿಸಿದೆ:
ಮುಸುಕಿನವರ ಮಾತು ಅಲ್ಲಿ ಕೂರಲಿ, ಯಾರಾದರೂ ಓದುವ ತನಕ.
ಓದುವವಳು ನಾನೇ. ಗಿಂತೌತಸ್ ನಕ್ಕ: "ಎಷ್ಟು ದಿನ?"
ಗೊತ್ತಿಲ್ಲ. ಚಹಾ ಆರಿದೆ.
ಹದಿನೇಳಕ್ಕೆ ಪುರಾವೆ ಇನ್ನೂ ಸಿಕ್ಕಿಲ್ಲ.
ಮೂವರಿಗೂ ಅಷ್ಟೇ, ಸರ್ಕಾರದ ಒಂದು ಸಾಲಿನ ಹೊರತು.

ಈಗ ಎರಡೂವರೆಗೆ ಬೆಂಚಿನ ಮೇಲೆ ಹೊಸದೊಂದು ತಿದ್ದುಪಡಿ.
ಬೇರೆ ವಿಳಾಸ, ಬೇರೆ ನೆಲಮಾಳಿಗೆ.
ಹನ್ನೊಂದನೆಯ ಹೆಸರಿಗೆ ಒಂದು ದೀರ್ಘ ಬಿಟ್ಟುಹೋಗಿತ್ತು ,
ಸೇರಿಸಿದ್ದೀಯ.